ತೊಟ್ಟಿ ತುಂಬಿದರೂ ಮೋಟಾರ್ ನಿಲ್ಲುತ್ತಿಲ್ಲವೇ? ಇಎಸ್‌ಪಿ32 ಪಿನ್‌ಗಳ ದೋಷ ಹುಡುಕುವ ಬಗೆ

ಸಂಪಿನಿಂದ ಮಾಳಿಗೆ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟಾರನ್ನು ತಾನಾಗಿಯೇ ಆನ್-ಆಫ್ ಮಾಡುವ ಪೆಟ್ಟಿಗೆಯನ್ನು ಈಗ ಎಷ್ಟೋ ಜನ ಮನೆಯಲ್ಲೇ ಕಟ್ಟಿಕೊಳ್ಳುತ್ತಾರೆ. ಒಳಗೆ ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಚಿಪ್ ಇರುವ ಒಂದು ಇಎಸ್‌ಪಿ32 ಬೋರ್ಡ್, ಅದು ಹೇಳಿದಂತೆ ಮೋಟಾರಿನ ಕರೆಂಟ್ ಜೋಡಿಸುವ ಒಂದು ರಿಲೇ, ಟ್ಯಾಂಕಿನಿಂದ ಇಳಿದುಬರುವ ಫ್ಲೋಟ್ ಸ್ವಿಚ್ಚಿನ (ನೀರಿನೊಡನೆ ತೇಲಿ ಬದಲಾಗುವ ಸ್ವಿಚ್) ಎರಡು ತಂತಿ. ಮೇಜಿನ ಮೇಲೆ ಇಟ್ಟು ನೋಡಿದಾಗ ಎಲ್ಲವೂ ಸರಿಯಾಗಿ ಓಡುತ್ತದೆ. ಗೋಡೆಗೆ ಹತ್ತಿಸಿದ ಮೇಲೆ ಕಾಟ ಶುರು. ಟ್ಯಾಂಕ್ ತುಂಬಿ ಹರಿದರೂ ಮೋಟಾರ್ ನಿಲ್ಲುವುದಿಲ್ಲ, ಕರೆಂಟ್ ಹೋಗಿ ಬಂದಾಗ ರಿಲೇ ಸುಮ್ಮಸುಮ್ಮನೆ ಟಕ್ ಎನ್ನುತ್ತದೆ, ಕೆಲವು ಸಲ ಬೋರ್ಡ್ ಬೂಟೇ ಆಗುವುದಿಲ್ಲ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ಕೋಡಿಗೆ. ಡಿಲೇ ಸೇರಿಸುತ್ತಾರೆ, ಹತ್ತು ಸಲ ಓದಿ ಸರಾಸರಿ ತೆಗೆಯುತ್ತಾರೆ, ಲೈಬ್ರರಿ ಬದಲಿಸುತ್ತಾರೆ. ನನ್ನ ಅನುಭವದಲ್ಲಿ ಈ ಬಗೆಯ ದೋಷದ ಮೂಲ ಇರುವುದು ಪಿನ್ನಿನ ಹೊರಗೆ: ಇರಬೇಕಾದ ರೆಸಿಸ್ಟರ್ ಇಲ್ಲ, ಇದ್ದರೂ ಅದರ ಬೆಲೆ (ಎಷ್ಟು ಓಮ್ ಎಂಬುದು) ತಪ್ಪು, ಅಥವಾ ತಪ್ಪು ಪಿನ್ನಿಗೆ ಹಾಕಲಾಗಿದೆ. ಆದ್ದರಿಂದ ಪಿನ್ನಿನ ಮೇಲೆ ಎಷ್ಟು ವೋಲ್ಟ್ ಇದೆ, ಆ ವೋಲ್ಟನ್ನು ಯಾರು ಹಿಡಿದಿದ್ದಾರೆ ಎಂದು ತಿಳಿಯುವವರೆಗೆ ಕೋಡನ್ನು ಮುಟ್ಟಬೇಡಿ. ಅದನ್ನು ತಿಳಿಯಲು ಒಂದು ಮೀಟರ್ ಮತ್ತು ಒಂದು 10ಕೆ (10 ಕಿಲೋಓಮ್) ರೆಸಿಸ್ಟರ್ ಸಾಕು.

ಶುರು ಮಾಡುವ ಮುನ್ನ ಒಂದು ಕಟ್ಟುನಿಟ್ಟಿನ ಮಾತು. ಮೋಟಾರಿನ ಎಂಸಿಬಿ ಇಳಿಸಿ, ರಿಲೇಯಿಂದ ಸ್ಟಾರ್ಟರಿಗೆ ಹೋಗುವ ತಂತಿಗಳನ್ನು ಕಳಚಿ, ತುದಿಗಳಿಗೆ ಟೇಪ್ ಸುತ್ತಿ. ಮುಂದಿನ ಯಾವ ಅಳತೆಗೂ ಮೋಟಾರ್ ಓಡಬೇಕಾಗಿಲ್ಲ. 230 ಅಥವಾ 415 ವೋಲ್ಟ್ ಇರುವ ಪೆಟ್ಟಿಗೆಯೊಳಗೆ ಪ್ರೋಬ್ ಹಿಡಿದು ಕೂರುವುದು ಬೇಡ. ಬೋರ್ಡಿಗೆ ಯುಎಸ್‌ಬಿಯಿಂದ ಕರೆಂಟ್ ಕೊಟ್ಟರೆ ಆಯಿತು.

10ಕೆ ಪರೀಕ್ಷೆ

ಬರೀ ಮೀಟರ್ ಇಟ್ಟು ಅಳೆದರೆ ಮೋಸ ಹೋಗುವ ಸಂಭವ ಹೆಚ್ಚು. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸುಮಾರು 10 ಮೆಗಾಓಮ್. ಯಾರೂ ಹಿಡಿಯದೆ ತೇಲುತ್ತಿರುವ ಪಿನ್ನಿಗೆ ಪ್ರೋಬ್ ಮುಟ್ಟಿಸಿದೊಡನೆ ಆ 10 ಮೆಗಾಓಮೇ ಅದನ್ನು ನೆಲಕ್ಕೆ ಎಳೆದುಬಿಡುತ್ತದೆ. ಮೀಟರ್ ಸೊನ್ನೆ ತೋರಿಸುತ್ತದೆ, ಪ್ರೋಗ್ರಾಮೂ ಸೊನ್ನೆಯನ್ನೇ ಓದುತ್ತದೆ. ಪ್ರೋಬ್ ತೆಗೆದರೆ ಮತ್ತೆ ಹುಚ್ಚಾಟ. ಮೀಟರ್ ಇಟ್ಟಾಗ ಮಾತ್ರ ಸರಿಹೋಗುವ ದೋಷ ಕಂಡರೆ ಪಿನ್ ತೇಲುತ್ತಿದೆ ಎಂದೇ ಹಿಡಿಯಿರಿ.

ಹಾಗಾಗಿ ಮೂರು ಸಲ ಅಳೆಯಬೇಕು. ಮೀಟರಿನ ಕಪ್ಪು ಪ್ರೋಬ್ ಬೋರ್ಡಿನ ಗ್ರೌಂಡಿಗೆ, ಕೆಂಪು ಪ್ರೋಬ್ ಪಿನ್ನಿಗೆ. ಮೊದಲು ಹಾಗೆಯೇ ಓದಿ. ಆಮೇಲೆ 10ಕೆ ರೆಸಿಸ್ಟರಿನ ಒಂದು ಕಾಲು ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ ಮುಟ್ಟಿಸಿ ಓದಿ. ಕೊನೆಗೆ ಅದೇ ರೆಸಿಸ್ಟರನ್ನು ಪಿನ್ನಿನಿಂದ 3.3 ವೋಲ್ಟಿಗೆ ಮುಟ್ಟಿಸಿ ಓದಿ. ಪಿನ್ ಯಾವ ಸ್ಥಿತಿಯಲ್ಲಿದ್ದರೂ 10ಕೆ ಮೂಲಕ ಹರಿಯುವುದು ಹೆಚ್ಚೆಂದರೆ 0.33 ಮಿಲಿಆಂಪ್, ಅದರಿಂದ ಏನೂ ಸುಡುವುದಿಲ್ಲ.

ಗ್ರೌಂಡಿಗೆ ಮುಟ್ಟಿಸಿದಾಗ ಪೂರ್ತಿ ಸೊನ್ನೆ, 3.3ಕ್ಕೆ ಮುಟ್ಟಿಸಿದಾಗ ಪೂರ್ತಿ 3.3 ಬಂದರೆ ಆ ಪಿನ್ ಅನಾಥ. ಅದನ್ನು ಹಿಡಿದವರು ಯಾರೂ ಇಲ್ಲ. ಎರಡೂ ಸಲ ಅಲುಗದೆ ಒಂದೇ ವೋಲ್ಟಿನಲ್ಲಿ ನಿಂತರೆ ಅದನ್ನು ಯಾರೋ ಗಟ್ಟಿಯಾಗಿ ಹಿಡಿದಿದ್ದಾರೆ. ಸ್ವಿಚ್ ಮುಚ್ಚಿದೆ (ಅದರ ಎರಡು ತಂತಿ ಕೂಡಿವೆ), ಇಲ್ಲವೇ ಆ ಪಿನ್ ಕೋಡಿನಲ್ಲಿ ಔಟ್‌ಪುಟ್ ಆಗಿದೆ. ಗ್ರೌಂಡಿಗೆ ಮುಟ್ಟಿಸಿದಾಗ 3.3ರಿಂದ 0.6ರ ಸುತ್ತಮುತ್ತ ಇಳಿದರೆ ಚಿಪ್‌ನ ಒಳಗಿನ ಪುಲ್-ಅಪ್ (ಪಿನ್ನನ್ನು 3.3 ವೋಲ್ಟಿನ ಕಡೆಗೆ ಎಳೆದಿಡುವ ರೆಸಿಸ್ಟರ್) ಕೆಲಸ ಮಾಡುತ್ತಿದೆ ಎಂದರ್ಥ. ಲೆಕ್ಕ ಸರಳ: 3.3ರಲ್ಲಿ ಓದಿದ ವೋಲ್ಟನ್ನು ಕಳೆಯಿರಿ, ಓದಿದ ವೋಲ್ಟಿನಿಂದಲೇ ಭಾಗಿಸಿ, 10ರಿಂದ ಗುಣಿಸಿ. 0.6ಕ್ಕೆ 45 ಬರುತ್ತದೆ. ಇಎಸ್‌ಪಿ32ರ ಒಳ ಪುಲ್-ಅಪ್ ಸುಮಾರು 45 ಕಿಲೋಓಮೇ. ಆರ್ಡುಯಿನೋ ಉನೋದಲ್ಲಿರುವ ಎಟಿಮೆಗಾ328ಪಿ ಚಿಪ್‌ಗೆ ಈ ಬೆಲೆ 20ರಿಂದ 50 ಕಿಲೋಓಮ್. 5 ವೋಲ್ಟಿನಲ್ಲಿ ಇದೇ ಪರೀಕ್ಷೆ ಮಾಡಿದರೆ 0.83ರಿಂದ 1.67 ವೋಲ್ಟಿನ ನಡುವೆ ಎಲ್ಲಿ ನಿಂತರೂ ಸರಿ.

ಇನ್ನು ಉಳಿದದ್ದು ನಡುವೆ ಸಿಕ್ಕಿಕೊಂಡ ಪಿನ್. ಯಾವ ಕಡೆ ಎಳೆದರೂ ಒಂದರಿಂದ ಎರಡು ವೋಲ್ಟಿನ ಒಳಗೇ ಒದ್ದಾಡುತ್ತದೆ. ತಂತಿಯಲ್ಲಿ ಸೋರಿಕೆ, ಅಥವಾ ಪಿನ್ನೇ ಹಾಳು. ತಂತಿ ಕಳಚಿ ಮತ್ತೆ ಅಳೆದರೆ ಯಾವುದೆಂದು ಗೊತ್ತಾಗುತ್ತದೆ.

ಟ್ಯಾಂಕ್ ತುಂಬಿದರೂ ನಿಲ್ಲದ ಮೋಟಾರ್

ಫ್ಲೋಟ್ ಸ್ವಿಚ್ಚನ್ನು ಕಟ್ಟುವ ಸರಿಯಾದ ಕ್ರಮ ಹೀಗೆ: ನೀರು ಕಡಿಮೆಯಿದ್ದಾಗ ಸ್ವಿಚ್ ಮುಚ್ಚಿರಬೇಕು, ತುಂಬಿದಾಗ ತೆರೆದುಕೊಳ್ಳಬೇಕು. ಒಂದು ತಂತಿ ಗ್ರೌಂಡಿಗೆ, ಇನ್ನೊಂದು ಪಿನ್ನಿಗೆ, ಪಿನ್ನಿಗೆ ಪುಲ್-ಅಪ್. ಇಲಿ ತಂತಿ ಕಡಿದರೆ ಸ್ವಿಚ್ ತೆರೆದಂತೆ ಕಾಣುತ್ತದೆ, ಮೋಟಾರ್ ನಿಲ್ಲುತ್ತದೆ. ತಂತಿ ತುಂಡಾದರೆ ಅಪಾಯವಿಲ್ಲ. ಆದರೆ ಇದೇ ಜೋಡಣೆಯಲ್ಲಿ ತಂತಿಗಳ ನಡುವೆ ಸೋರಿಕೆಯಾದರೆ ಸ್ವಿಚ್ ಮುಚ್ಚಿದಂತೆ ಕಾಣುತ್ತದೆ, ಟ್ಯಾಂಕ್ ತುಂಬಿ ಹರಿದರೂ ಮೋಟಾರ್ ಓಡುತ್ತಲೇ ಇರುತ್ತದೆ.

ಮೊದಲು ಪಿನ್ನಿನ ಸಂಖ್ಯೆ ನೋಡಿ. ಇಎಸ್‌ಪಿ32ರಲ್ಲಿ ಜಿಪಿಐಒ (ಕೋಡಿನಿಂದ ಓದಲು, ನಡೆಸಲು ಇರುವ ಪಿನ್‌ಗಳ ಹೆಸರು) 34ರಿಂದ 39ರವರೆಗಿನವು ಇನ್‌ಪುಟ್‌ಗೆ ಮಾತ್ರ, ಅವುಗಳಿಗೆ ಒಳ ಪುಲ್-ಅಪ್ ಎಂಬುದೇ ಇಲ್ಲ. ಕೋಡಿನಲ್ಲಿ ಇನ್‌ಪುಟ್ ಪುಲ್-ಅಪ್ ಎಂದು ಬರೆದರೂ ಕಂಪೈಲ್ ಆಗುತ್ತದೆ, ಅಪ್‌ಲೋಡ್ ಆಗುತ್ತದೆ, ಪುಲ್-ಅಪ್ ಮಾತ್ರ ಬರುವುದಿಲ್ಲ. ಈ ಪಿನ್‌ಗಳು ಬೋರ್ಡಿನ ಒಂದು ಮೂಲೆಯಲ್ಲಿ ಸಾಲಾಗಿ ಖಾಲಿ ಬಿದ್ದಿರುವುದರಿಂದ ಸ್ವಿಚ್ಚಿಗೆ ಅವನ್ನೇ ಆರಿಸುವವರು ಬಹಳ. ಕೈ ಹತ್ತಿರ ತಂದರೆ ಓದು ಬದಲಾಗುತ್ತಿದ್ದರೆ, 10ಕೆ ಪರೀಕ್ಷೆಯಲ್ಲಿ ಪಿನ್ ಅನಾಥ ಎಂದು ಬಂದರೆ ಕಾರಣ ಇದೇ. ಹೊರಗಿನಿಂದ ಒಂದು ಪುಲ್-ಅಪ್ ರೆಸಿಸ್ಟರ್ ಹಾಕಿದರೆ ಮುಗಿಯಿತು.

ಬೇಸಿಗೆಯಲ್ಲಿ ಸರಿಯಿದ್ದು ಮಳೆಗಾಲದಲ್ಲಿ ಕೈಕೊಡುವ ಪೆಟ್ಟಿಗೆಗಳದ್ದು ಬೇರೆ ಕಥೆ, ಅದಕ್ಕೆ ಹೆಚ್ಚು ಹೊತ್ತು ಬೇಕು. ಟ್ಯಾಂಕಿನ ಹತ್ತಿರ ಫ್ಲೋಟ್ ತಂತಿಗೂ ಕೆಳಗಿಳಿಯುವ ತಂತಿಗೂ ಹಾಕಿದ ಗಂಟನ್ನು ಬಿಚ್ಚಿ ನೋಡಿ. ಟೇಪಿನ ಅಡಿಯಲ್ಲಿ ತೇವ, ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು. ಎರಡು ತಂತಿಯಲ್ಲಿ ಪ್ಲಸ್ ಇರುವ ತಂತಿಯೇ ಹೆಚ್ಚು ತಿಂದುಹೋಗಿರುತ್ತದೆ, ಏಕೆಂದರೆ ಸದಾ ಒಂದೇ ದಿಕ್ಕಿನಲ್ಲಿ ಹರಿಯುವ ಡಿಸಿ ಆ ತೇವದಲ್ಲಿ ವಿದ್ಯುದ್ವಿಭಜನೆ ನಡೆಸುತ್ತಿರುತ್ತದೆ.

ಸೋರಿಕೆ ಅಳೆಯಲು ಎರಡೂ ತಂತಿಯನ್ನು ಬೋರ್ಡಿನಿಂದ ಕಳಚಿ, ಫ್ಲೋಟನ್ನು ಮೇಲೆತ್ತಿ ಸ್ವಿಚ್ ತೆರೆದಿಡಿ, ಮೀಟರನ್ನು ಓಮ್‌ಗೆ ಹಾಕಿ ಅಳೆಯಿರಿ. ತೆರೆದ ಸ್ವಿಚ್ ಎಂದರೆ ಮೀಟರ್ ಯಾವ ಅಂಕಿಯನ್ನೂ ತೋರಿಸಬಾರದು. 20 ಕಿಲೋಓಮೋ 80 ಕಿಲೋಓಮೋ ಬಂದರೆ ಪ್ರೋಬ್‌ಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ನೋಡಿ. ನಿಜವಾದ ರೆಸಿಸ್ಟರ್ ಯಾವ ಕಡೆಯಿಂದ ಅಳೆದರೂ ಒಂದೇ. ಒದ್ದೆ ಗಂಟು ಹಾಗಲ್ಲ, ತಿರುಗಿಸಿದರೆ ಬೇರೆ ಬೆಲೆ ಕೊಡುತ್ತದೆ, ಅಂಕಿ ನಿಲ್ಲದೆ ಜಾರುತ್ತಲೂ ಇರುತ್ತದೆ. ತೇವವನ್ನು ಹಿಡಿಯಲು ಇದಕ್ಕಿಂತ ಖಚಿತವಾದ ಗುರುತು ನನಗೆ ಗೊತ್ತಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಇಎಸ್‌ಪಿ32 ತನ್ನ ಪಿನ್ನಿನಲ್ಲಿ 0.825 ವೋಲ್ಟಿಗಿಂತ ಕಡಿಮೆಯಿದ್ದರೆ ಖಚಿತವಾಗಿ ಸೊನ್ನೆ, 2.475 ದಾಟಿದರೆ ಖಚಿತವಾಗಿ ಒಂದು ಎಂದು ಓದುತ್ತದೆ. ನಡುವಿನದಕ್ಕೆ ಯಾವ ಖಾತರಿಯೂ ಇಲ್ಲ. ಒಳಗಿನ 45ಕೆ ಪುಲ್-ಅಪ್ ಇಟ್ಟುಕೊಂಡು ಗಂಟಿನಲ್ಲಿ 20ಕೆ ಸೋರಿಕೆಯಾದರೆ ಪಿನ್ನಿಗೆ ಸಿಗುವುದು 1.02 ವೋಲ್ಟ್, ಅಂದರೆ ಆ ನಡುವಿನ ಜಾಗ. ಸೋರಿಕೆ 10ಕೆಗೆ ಇಳಿದರೆ 0.6 ವೋಲ್ಟ್. ಸ್ವಿಚ್ ತೆರೆದಿದ್ದರೂ ಚಿಪ್‌ಗೆ ಅದು ಮುಚ್ಚಿದಂತೆಯೇ. ಹೊರಗಿನಿಂದ 2.2ಕೆ ಪುಲ್-ಅಪ್ ಹಾಕಿ ನೋಡಿ: ಅದೇ 10ಕೆ ಸೋರಿಕೆಯಲ್ಲಿ ಪಿನ್ನಿಗೆ 2.7 ವೋಲ್ಟ್ ಸಿಗುತ್ತದೆ, ಖಚಿತವಾದ ಒಂದು. ಸ್ವಿಚ್ ಮುಚ್ಚಿದಾಗ ಹರಿಯುವುದು 1.5 ಮಿಲಿಆಂಪ್ ಮಾತ್ರ. ಅಷ್ಟು ಹರಿವು ಸ್ವಿಚ್ಚಿನ ಸಂಪರ್ಕಕ್ಕೂ ಒಳ್ಳೆಯದು, ಮೈಕ್ರೋಆಂಪ್‌ಗಳಲ್ಲಿ ಬಳಸಿದ ಸಂಪರ್ಕದ ಮೇಲೆ ಪೊರೆ ಕಟ್ಟಿಕೊಳ್ಳುತ್ತದೆ.

ಪುಲ್-ಅಪ್ ಬದಲಿಸಿದೆ ಎಂದು ಗಂಟನ್ನು ಹಾಗೇ ಬಿಡಬೇಡಿ. ಕಿಲುಬು ಹಿಡಿದ ಭಾಗ ಕತ್ತರಿಸಿ, ಬೆಸುಗೆ ಹಾಕಿ, ಒಳಬದಿಗೆ ಅಂಟು ಹಚ್ಚಿರುವ ಹೀಟ್ ಶ್ರಿಂಕ್ ತೋಳು (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಏರಿಸಿ.

ಉದ್ದ ತಂತಿ ಬರುವ ಪಿನ್ನಿಗೆ ಪುಲ್-ಅಪ್ ಒಂದೇ ಸಾಲದು. ತಂತಿ ಬೋರ್ಡಿಗೆ ಬಂದು ಸೇರುವ ಜಾಗದಲ್ಲಿ 2.2ಕೆ ಪುಲ್-ಅಪ್, ಅಲ್ಲಿಂದ ಪಿನ್ನಿಗೆ 10ಕೆ ಸರಣಿ ರೆಸಿಸ್ಟರ್, ಪಿನ್ನಿನ ಬುಡದಲ್ಲಿ ಗ್ರೌಂಡಿಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್. ಈ ಅನುಕ್ರಮ ಮುಖ್ಯ. 10ಕೆಯನ್ನು ತಂತಿಯ ಕಡೆಗೂ ಪುಲ್-ಅಪ್ಪನ್ನು ಪಿನ್ನಿನ ಕಡೆಗೂ ಅದಲುಬದಲು ಮಾಡಿದರೆ ಸ್ವಿಚ್ ಮುಚ್ಚಿದಾಗಲೂ ಪಿನ್ 2.7 ವೋಲ್ಟಿನಲ್ಲಿ ನಿಲ್ಲುತ್ತದೆ, ಎಂದೂ ಸೊನ್ನೆ ಓದುವುದಿಲ್ಲ. 10ಕೆ ಮತ್ತು 1 ಮೈಕ್ರೋಫ್ಯಾರಡ್ ಸೇರಿದರೆ 10 ಮಿಲಿಸೆಕೆಂಡಿನ ಸೋಸು. ನೀರಿನ ಮಟ್ಟಕ್ಕೆ ಅಷ್ಟು ತಡ ಏನೇನೂ ಅಲ್ಲ, ಮೋಟಾರಿನ ಕೇಬಲ್ ಪಕ್ಕದಲ್ಲಿ ಓಡುವ ತಂತಿ ಹೊತ್ತು ತರುವ ಗದ್ದಲಕ್ಕೆ ಅದು ತಡೆ.

ಆ 10ಕೆಗೆ ಇನ್ನೂ ಒಂದು ಕೆಲಸ ಇದೆ. ಯಾರೋ ತಪ್ಪಿ 12 ವೋಲ್ಟಿನ ತಂತಿಯನ್ನು ಆ ಟರ್ಮಿನಲ್ಲಿಗೆ ಸಿಕ್ಕಿಸಿದರು ಎನ್ನಿ. ಪಿನ್ನಿನ ಕಡೆ ವೋಲ್ಟ್ 4ರ ಆಸುಪಾಸಿನಲ್ಲಿ ತಡೆದರೆ 10ಕೆ ಮೂಲಕ ಹರಿಯುವುದು ಸುಮಾರು 0.8 ಮಿಲಿಆಂಪ್. ಪಿನ್ನಿನೊಳಗಿನ ರಕ್ಷಣಾ ಡಯೋಡ್‌ಗಳ ಮೂಲಕ 1 ಮಿಲಿಆಂಪ್ ಮೀರಿಸಬೇಡಿ ಎಂದು ಆಟ್‌ಮೆಲ್ ತನ್ನ ಎವಿಆರ್182 ಟಿಪ್ಪಣಿಯಲ್ಲಿ ಹೇಳಿತ್ತು. ಎಟಿಮೆಗಾ328ಪಿ ಸೇರಿದ ಎವಿಆರ್ ಚಿಪ್‌ಗಳಿಗೆ ಹೇಳಿದ ಮಿತಿ ಅದು, ಬೇರೆ ಚಿಪ್‌ಗಳಿಗೆ ಕಣ್ಣುಮುಚ್ಚಿ ಅನ್ವಯಿಸಬೇಡಿ. ಇಎಸ್‌ಪಿ32ಗೆ ನಾನು ಪಿನ್ನಿನ ಹತ್ತಿರ ಬಿಎಟಿ54ಎಸ್ ಎಂಬ ಜೋಡಿ ಶಾಟ್ಕಿ ಡಯೋಡ್ ಹಾಕುತ್ತೇನೆ, ಒಂದು 3.3 ವೋಲ್ಟಿಗೆ, ಒಂದು ಗ್ರೌಂಡಿಗೆ.

ಕರೆಂಟ್ ಬಂದ ಕ್ಷಣ ರಿಲೇ ಎಳೆದುಕೊಂಡರೆ

ಕರೆಂಟ್ ಬಂದಾಗಿನಿಂದ ನಿಮ್ಮ ಕೋಡ್ ಓಡಲು ಶುರುವಾಗುವವರೆಗೆ ಪಿನ್‌ಗಳು ಚಿಪ್ ಹೇಳಿದಂತೆ ಇರುತ್ತವೆ, ನೀವು ಹೇಳಿದಂತಲ್ಲ. ಇಎಸ್‌ಪಿ32ರಲ್ಲಿ ಜಿಪಿಐಒ 0, 5 ಮತ್ತು 15ಕ್ಕೆ ಆ ಹೊತ್ತಿನಲ್ಲಿ ಒಳ ಪುಲ್-ಅಪ್ ಇರುತ್ತದೆ. ರಿಲೇ ನಡೆಸುವ ಮಾಸ್‌ಫೆಟ್‌ನ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಗೇಟನ್ನು, ಅಂದರೆ ಅದನ್ನು ಆನ್-ಆಫ್ ಮಾಡುವ ಕಾಲನ್ನು, ಇವುಗಳಲ್ಲಿ ಒಂದಕ್ಕೆ ಕಟ್ಟಿದ್ದರೆ ಗೇಟು 3.3ಕ್ಕೆ ಏರುತ್ತದೆ, ರಿಲೇ ಎಳೆದುಕೊಳ್ಳುತ್ತದೆ, ಒಂದು ಗಳಿಗೆ ಮೋಟಾರ್ ಗುರ್ ಎನ್ನುತ್ತದೆ. ಕರೆಂಟ್ ಪದೇಪದೇ ಹೋಗಿಬರುವ ಊರಿನಲ್ಲಿ ಮೋಟಾರಿಗೂ ಸ್ಟಾರ್ಟರಿಗೂ ಇದು ದೊಡ್ಡ ಪೆಟ್ಟು.

ಇದು ಕ್ಷಣಮಾತ್ರದ ದೋಷವಾದ್ದರಿಂದ ಮೀಟರಿನಲ್ಲಿ ಹಿಡಿಯುವುದು ಕಷ್ಟ. ಬೂಟ್ ಗುಂಡಿಯನ್ನು ಒತ್ತಿ ಹಿಡಿದು ಇಎನ್ (ರೀಸೆಟ್) ಗುಂಡಿಯನ್ನು ಒಮ್ಮೆ ಒತ್ತಿ ಬಿಡಿ. ಚಿಪ್ ಡೌನ್‌ಲೋಡ್ ಮೋಡ್‌ಗೆ ಹೋಗಿ, ನಿಮ್ಮ ಕೋಡ್ ಓಡಿಸದೆ ಸುಮ್ಮನೆ ಕಾಯುತ್ತಾ ನಿಲ್ಲುತ್ತದೆ. ಈಗ ನಿಧಾನವಾಗಿ ಗೇಟಿನ ವೋಲ್ಟ್ ಅಳೆಯಿರಿ.

ಪಿನ್ 5 ಅಥವಾ 15 ಆಗಿದ್ದರೆ ಗೇಟಿನಿಂದ ಗ್ರೌಂಡಿಗೆ ಪುಲ್-ಡೌನ್ (ಕೆಳಗೆ ಎಳೆದಿಡುವ ರೆಸಿಸ್ಟರ್) ಹಾಕುವುದು ಪರಿಹಾರ. ಜಿಪಿಐಒ 0 ಆಗಿದ್ದರೆ ಪಿನ್ನನ್ನೇ ಬದಲಿಸಿ, ಅದನ್ನು ಕೆಳಗೆ ಎಳೆದರೆ ಬೂಟ್ ಗುಂಡಿ ಒತ್ತಿ ಹಿಡಿದಂತೆಯೇ ಆಗಿ ಚಿಪ್ ಡೌನ್‌ಲೋಡ್ ಮೋಡ್‌ಗೆ ಹೋಗುತ್ತದೆ. ಎಲ್ಲರೂ ಹೇಳುವ ಬೆಲೆ 10ಕೆ. ಆದರೆ ಒಳಗಿನ 45ಕೆ ಮೇಲಕ್ಕೆ ಎಳೆಯುತ್ತಿರುವಾಗ 10ಕೆ ಹಾಕಿದರೆ ಗೇಟು 0.6 ವೋಲ್ಟಿನಲ್ಲಿ ನಿಲ್ಲುತ್ತದೆ. ಸಾಮಾನ್ಯವಾಗಿ ಸಿಗುವ ಎಒ3400 ಮಾಸ್‌ಫೆಟ್ ತೆರೆದುಕೊಳ್ಳಲು ಶುರುಮಾಡುವ ವೋಲ್ಟ್ 0.65ರಷ್ಟು ಕೆಳಗಿರಬಹುದು. ಕೂದಲೆಳೆಯ ಅಂತರ. 4.7ಕೆ ಹಾಕಿದರೆ 0.31 ವೋಲ್ಟ್, ನಿಶ್ಚಿಂತೆ. ಗೇಟಿಗೆ ಸರಣಿಯಲ್ಲಿ 100ರಿಂದ 220 ಓಮ್ ಇರಲಿ. ಜಿಪಿಐಒ 15ಕ್ಕೆ ಪುಲ್-ಡೌನ್ ಹಾಕಿದರೆ ಸೀರಿಯಲ್ ಮಾನಿಟರಿನಲ್ಲಿ ಬೂಟ್ ಸಂದೇಶಗಳು ಬರುವುದು ನಿಲ್ಲುತ್ತದೆ, ಅದನ್ನು ಇನ್ನೊಂದು ದೋಷವೆಂದು ಬೆನ್ನಟ್ಟಬೇಡಿ. ಸಾಧ್ಯವಿದ್ದರೆ ರಿಲೇಯನ್ನು ಜಿಪಿಐಒ 25, 26, 27, 32, 33ರಲ್ಲಿ ಒಂದಕ್ಕೆ ಸಾಗಿಸುವುದೇ ಮೇಲು, ಆಗಲೂ ಪುಲ್-ಡೌನ್ ಬಿಡಬೇಡಿ.

ಟ್ಯಾಂಕ್ ಖಾಲಿಯಿದ್ದರೆ ಬೂಟ್ ಆಗುತ್ತದೆ, ತುಂಬಿದ್ದರೆ ಇಲ್ಲ

ಕೇಳಿದರೆ ನಂಬಲು ಕಷ್ಟ, ಆದರೆ ಕಾರಣ ಸ್ಪಷ್ಟವಾಗಿದೆ. ಫ್ಲೋಟ್ ಸ್ವಿಚ್ ಜಿಪಿಐಒ 12ರಲ್ಲಿದೆ. ಚಿಪ್ ಎಚ್ಚರಾಗುವಾಗ ಈ ಪಿನ್ನನ್ನು ನೋಡಿ ಫ್ಲ್ಯಾಶ್ ಮೆಮೊರಿಗೆ ಎಷ್ಟು ವೋಲ್ಟ್ ಕೊಡಬೇಕೆಂದು ನಿರ್ಧರಿಸುತ್ತದೆ. ಕೆಳಗಿದ್ದರೆ 3.3, ಮೇಲಿದ್ದರೆ 1.8. ಟ್ಯಾಂಕ್ ತುಂಬಿ ಸ್ವಿಚ್ ತೆರೆದಿದ್ದಾಗ ಪುಲ್-ಅಪ್ ಆ ಪಿನ್ನನ್ನು ಮೇಲೆ ಹಿಡಿಯುತ್ತದೆ, 3.3 ವೋಲ್ಟ್ ಬೇಕಾದ ಫ್ಲ್ಯಾಶ್‌ಗೆ 1.8 ಸಿಗುತ್ತದೆ. ಸೀರಿಯಲ್ ಮಾನಿಟರಿನಲ್ಲಿ ಫ್ಲ್ಯಾಶ್ ರೀಡ್ ಎರರ್ ಎಂಬ ಸಾಲು ಮತ್ತೆ ಮತ್ತೆ ಬರುತ್ತಿದ್ದರೆ ಆ ಪಿನ್ನಿನ ತಂತಿ ಕಳಚಿ ಇಎನ್ ಒತ್ತಿ. ಬೂಟ್ ಆದರೆ ಸ್ವಿಚ್ಚನ್ನು 32 ಅಥವಾ 33ಕ್ಕೆ ಬದಲಿಸಿ.

ಕರೆಂಟ್ ತೆಗೆದರೂ ಅರ್ಧ ಜೀವ

ಫ್ಲೋಟ್ ಬದಲು 5 ವೋಲ್ಟಿನ ಅಲ್ಟ್ರಾಸಾನಿಕ್ ಸೆನ್ಸರ್ ಬಳಸುವವರಿಗೆ ಇದು ಎದುರಾಗುತ್ತದೆ. ಬೋರ್ಡಿನ ಕರೆಂಟ್ ತೆಗೆದಿದ್ದರೂ ಎಲ್‌ಇಡಿ ಮಂದವಾಗಿ ಉರಿಯುತ್ತದೆ, ಮತ್ತೆ ಆನ್ ಮಾಡಿದರೆ ಚಿಪ್ ಸರಿಯಾಗಿ ರೀಸೆಟ್ ಆಗುವುದಿಲ್ಲ. ಬೋರ್ಡ್ ಆಫ್ ಇರುವಾಗ 3.3 ವೋಲ್ಟಿನ ಪಿನ್ ಅಳೆಯಿರಿ. ಒಂದೆರಡು ವೋಲ್ಟ್ ಕಂಡರೆ ಬೇರೆ ಪವರ್ ಸಪ್ಲೈಯಿಂದ ಓಡುತ್ತಿರುವ ಸೆನ್ಸರು ಸಿಗ್ನಲ್ ಪಿನ್ನಿನ ಹಾದಿಯಲ್ಲೇ ಚಿಪ್‌ಗೆ ಕರೆಂಟ್ ನುಗ್ಗಿಸುತ್ತಿದೆ. ಸೆನ್ಸರಿನ ಸಿಗ್ನಲ್ ಹೊರಬರುವ ಎಕೋ ತಂತಿಗೆ ಸರಣಿಯಲ್ಲಿ 1ಕೆ, ಪಿನ್ನಿನಿಂದ ಗ್ರೌಂಡಿಗೆ 2ಕೆ ಹಾಕಿ. 5 ವೋಲ್ಟ್ 3.33ಕ್ಕೆ ಇಳಿಯುತ್ತದೆ, ನುಗ್ಗುವ ಹರಿವೂ ತಗ್ಗುತ್ತದೆ. ಸೆನ್ಸರಿಗೂ ಬೋರ್ಡಿಗೂ ಒಂದೇ ಸಪ್ಲೈ ಕೊಟ್ಟರೆ ಈ ತಾಪತ್ರಯವೇ ಇಲ್ಲ.

ಪಿನ್ ಸುಟ್ಟಿದೆಯೇ?

ಎಲ್ಲ ತಂತಿ ಬಿಚ್ಚಿ, ಕರೆಂಟ್ ತೆಗೆದು, ಮೀಟರನ್ನು ಡಯೋಡ್ ಪರೀಕ್ಷೆಗೆ ಹಾಕಿ. ಕೆಂಪು ಪ್ರೋಬ್ ಗ್ರೌಂಡಿಗೆ, ಕಪ್ಪು ಪಿನ್ನಿಗೆ. ಸಾಮಾನ್ಯವಾಗಿ 0.5ರಿಂದ 0.7 ವೋಲ್ಟ್ ತೋರಿಸುತ್ತದೆ. ಒಂದು ಅಂಕಿಯನ್ನೇ ನಂಬುವ ಬದಲು ಅಕ್ಕಪಕ್ಕದ ನಾಲ್ಕಾರು ಪಿನ್‌ಗಳ ಜೊತೆ ಹೋಲಿಸಿ. ಉಳಿದವೆಲ್ಲ 0.6ರ ಹತ್ತಿರವಿದ್ದು ಒಂದು ಮಾತ್ರ 0.05 ಅಥವಾ ಖಾಲಿ ತೋರಿಸಿದರೆ ಅದು ಹೋಗಿದೆ. ಆ ಒಂದು ಪಿನ್ ಬಿಟ್ಟು ಉಳಿದವನ್ನು ಬಳಸಬಹುದೇ ಎಂದು ಕೇಳುತ್ತಾರೆ. ಕಲಿಕೆಗೆ ಬಳಸಿ, ಮೋಟಾರ್ ನಡೆಸುವ ಪೆಟ್ಟಿಗೆಗೆ ಬೇಡ.

ಪಿನ್ ಸುಡುವ ಸಾಮಾನ್ಯ ದಾರಿ ಎಂದರೆ ಗುಂಡಿ ಕಟ್ಟಿದ ಪಿನ್ನನ್ನು ಕೋಡಿನಲ್ಲಿ ಔಟ್‌ಪುಟ್ ಮಾಡಿ ಮೇಲಕ್ಕೆತ್ತುವುದು. ಗುಂಡಿ ಒತ್ತಿದರೆ ಪಿನ್ ನೇರ ಗ್ರೌಂಡಿಗೆ ಶಾರ್ಟ್. ಎಟಿಮೆಗಾ328ಪಿ ಪಿನ್ನಿನ ಪರಮ ಮಿತಿ 40 ಮಿಲಿಆಂಪ್, ಶಾರ್ಟ್ ಆದಾಗ ಹರಿಯುವುದು ಅದಕ್ಕಿಂತ ಎಷ್ಟೋ ಹೆಚ್ಚು. ಗುಂಡಿಗೂ ಪಿನ್ನಿಗೂ ನಡುವೆ 330 ಓಮ್ ಇದ್ದರೆ 5 ವೋಲ್ಟಿನಲ್ಲಿ 15 ಮಿಲಿಆಂಪ್ ದಾಟುವುದಿಲ್ಲ. ಮಕ್ಕಳಿಗೆ ಕಲಿಸುವ ಬೋರ್ಡಿನಲ್ಲಿ ಪ್ರತಿ ಪಿನ್ನಿಗೂ ಇದನ್ನು ಹಾಕಿಡಿ.

ರೆಸಿಸ್ಟರ್ ಸರಿಯಿದೆಯೇ

ಐದು ಪಟ್ಟೆಯ ನೀಲಿ ಮೆಟಲ್ ಫಿಲ್ಮ್ ರೆಸಿಸ್ಟರಿನಲ್ಲಿ 10ಕೆ ಎಂದರೆ ಕಂದು, ಕಪ್ಪು, ಕಪ್ಪು, ಕೆಂಪು, ಕಂದು. ಎರಡು ತುದಿಯಲ್ಲೂ ಕಂದು. ಅದನ್ನೇ ತಿರುಗಿಸಿ ಓದಿದರೆ ಕಂದು, ಕೆಂಪು, ಕಪ್ಪು, ಕಪ್ಪು, ಕಂದು: 120 ಓಮ್. ಎರಡೂ ಬೆಲೆಗಳು ಅಂಗಡಿಯಲ್ಲಿ ಸಿಗುತ್ತವೆ. ಪುಲ್-ಅಪ್ ಜಾಗದಲ್ಲಿ 120 ಓಮ್ ಕೂತರೆ ಸ್ವಿಚ್ ಮುಚ್ಚಿದಾಗಲೆಲ್ಲ 27 ಮಿಲಿಆಂಪ್ ಹರಿಯುತ್ತದೆ, 10ಕೆ ಪರೀಕ್ಷೆಯಲ್ಲಿ ಪಿನ್ ಅಲುಗುವುದೇ ಇಲ್ಲ. ಬೆಸುಗೆ ಹಾಕುವ ಮುನ್ನ ಪ್ರತಿ ರೆಸಿಸ್ಟರನ್ನೂ ಮೀಟರಿನಲ್ಲಿ ನೋಡಿ, ಬಣ್ಣ ಓದಿ ಸಮಯ ಕಳೆಯಬೇಡಿ.

ರಾಸ್ಪ್‌ಬೆರಿ ಪೈ ಪೀಕೋ 2 ಬಳಸುವವರಿಗೊಂದು ಮಾತು. ಅದರ ಆರ್‌ಪಿ2350 ಚಿಪ್‌ನ ಎ2 ಆವೃತ್ತಿಯಲ್ಲಿ ಇ9 ಎಂಬ ದಾಖಲಾದ ದೋಷವಿದೆ. ಒಳ ಪುಲ್-ಡೌನ್ ಹಾಕಿದ ಇನ್‌ಪುಟ್ ಪಿನ್ ಒಮ್ಮೆ ಮೇಲೆ ಹೋದರೆ ಕೆಳಗಿಳಿಯದೆ ಸುಮಾರು 2.2 ವೋಲ್ಟಿನಲ್ಲಿ ಸಿಕ್ಕಿಕೊಳ್ಳಬಹುದು. ಹೊರಗಿನಿಂದ 8.2ಕೆ ಅಥವಾ ಅದಕ್ಕಿಂತ ಕಡಿಮೆಯ ಪುಲ್-ಡೌನ್ ಹಾಕಿದರೆ ಇಳಿಯುತ್ತದೆ. ಇಲ್ಲಿ 10ಕೆ ಸಾಲದಿರಬಹುದು.

ತೋಟದ ಬಾವಿಯವರೆಗೆ ತಂತಿ ಎಳೆದಿದ್ದರೆ

ನೂರಾರು ಅಡಿ ತಂತಿ ಬಯಲಿನಲ್ಲಿ ಹಾದುಬಂದರೆ ಗುಡುಗು-ಮಿಂಚಿನ ದಿನ ಅದರಲ್ಲಿ ಏಳುವ ವೋಲ್ಟಿಗೆ 10ಕೆ ರೆಸಿಸ್ಟರ್ ಮತ್ತು ಡಯೋಡ್ ತಡೆಯಾಗುವುದಿಲ್ಲ. ಅಂಥಲ್ಲಿ ತಂತಿಯನ್ನು ಚಿಪ್‌ಗೆ ನೇರ ಕಟ್ಟುವುದೇ ಬೇಡ. ತಂತಿಯ ಬದಲು ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಪಿಸಿ817 ಆಪ್ಟೋಕಪ್ಲರ್ ಹಾಕಿ: ಬೇರೆಯದೇ ಆದ 12 ವೋಲ್ಟ್ ಸಪ್ಲೈ, ಸ್ವಿಚ್, 2.2ಕೆ ರೆಸಿಸ್ಟರ್, ಆಪ್ಟೋಕಪ್ಲರಿನ ಎಲ್‌ಇಡಿ, ಇಷ್ಟು ಒಂದು ಸರಣಿ. ತಂತಿ ಒಳಬರುವ ಕಡೆ ದಿಢೀರ್ ಏರುವ ವೋಲ್ಟನ್ನು ತಡೆಯುವ ಒಂದು ಟಿವಿಎಸ್ ಡಯೋಡ್. ಈ ಸರಣಿಯ ಗ್ರೌಂಡನ್ನು ಇಎಸ್‌ಪಿ32ರ ಗ್ರೌಂಡಿಗೆ ಸೇರಿಸಬೇಡಿ, ಸೇರಿಸಿದರೆ ಆಪ್ಟೋಕಪ್ಲರ್ ಹಾಕಿದ ಉದ್ದೇಶವೇ ಹೋಯಿತು. ಆಚೆ ಬದಿಯಲ್ಲಿ ಪಿನ್ನಿಗೆ 10ಕೆ ಪುಲ್-ಅಪ್ ಸಾಕು. ಸ್ವಿಚ್ ಮುಚ್ಚಿದಾಗ ತಂತಿಯಲ್ಲಿ ಸುಮಾರು 4.9 ಮಿಲಿಆಂಪ್ ಹರಿಯುತ್ತದೆ, ಅದನ್ನು ಸರಣಿ ಬಿಡಿಸದೆಯೇ ಪರೀಕ್ಷಿಸಬಹುದು: 2.2ಕೆ ರೆಸಿಸ್ಟರಿನ ಎರಡು ಕಾಲುಗಳ ನಡುವೆ 10.8 ವೋಲ್ಟಿನ ಹತ್ತಿರ ಸಿಗಬೇಕು, ಸ್ವಿಚ್ ತೆರೆದಾಗ ಸೊನ್ನೆ. ತೆರೆದಾಗಲೂ ಅಲ್ಲಿ ಒಂದೆರಡು ವೋಲ್ಟ್ ಉಳಿದರೆ ಬಾವಿಯ ಹತ್ತಿರದ ಗಂಟಿಗೆ ನೀರು ಇಳಿದಿದೆ.